ಮಗುವಿನ ಕಣ್ಣಿಗೆ ದೊಡ್ಡವರ ಅಳತೆಗೋಲು

ಕಣ್ಣಿನ ಒಳಒತ್ತಡ ಏರಿ ದೃಷ್ಟಿನರ ಕೆಡುವ ಕಾಯಿಲೆ ಗ್ಲಾಕೋಮಾ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ಬಂದಾಗ ಎರಡು ಬಗೆಯ ಸುದ್ದಿಗಳು ಒಟ್ಟಿಗೇ ಓದುಗರ ಮುಂದೆ ಬರುತ್ತವೆ. ಕಣ್ಣಿನ ಒಳಪದರದ ಒಂದು ಚಿತ್ರ ತೆಗೆದರೆ ಸಾಕು, ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಹೇಳಿಬಿಡುತ್ತದೆ ಎಂಬುದು ಒಂದು. ಮಕ್ಕಳ ಗ್ಲಾಕೋಮಾದಲ್ಲಿ ಇಂಥ ಚಿತ್ರಗಳನ್ನು ಹಾಗೆಲ್ಲ ನಂಬಿ ಕೂರಬಾರದು ಎಂಬ ತಜ್ಞರ ಎಚ್ಚರಿಕೆ ಇನ್ನೊಂದು. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಕೆಲವು ಮನೆಗಳಿಗೆ ಇದು ಓದಿ ಮಡಚಿಡುವ ಸುದ್ದಿಯಾಗಿ ಉಳಿಯುವುದಿಲ್ಲ. ಮಗುವಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾದ ಮೇಲೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ವರ್ಷಕ್ಕೆ ಹಲವು ಬಾರಿ ಓಡಾಡುವ ತಂದೆತಾಯಂದಿರು ಪ್ರತಿ ಸಲವೂ ಕಣ್ಣಿನ ಸ್ಕ್ಯಾನಿನ ವರದಿಯಾದ ಒಂದು ಬಣ್ಣದ ಹಾಳೆಯೊಂದಿಗೆ ಊರಿಗೆ ಮರಳುತ್ತಾರೆ. ಅದರಲ್ಲಿ ಕೆಂಪು ಕಂಡರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಹಸಿರು ಕಂಡರೆ ಮುಂದಿನ ಭೇಟಿ ಮಳೆಗಾಲ ಮುಗಿಯಲಿ ಎಂದು ಮುಂದಕ್ಕೆ ಹೋಗುತ್ತದೆ.

ಎರಡು ಸುದ್ದಿಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಮೊದಲನೆಯದು ಬಹುಮಟ್ಟಿಗೆ ವಯಸ್ಕರಲ್ಲಿ ಕಾಯಿಲೆಯನ್ನು ಪತ್ತೆ ಹಚ್ಚುವ ಮಾತು. ಎರಡನೆಯದು, ಕಾಯಿಲೆ ಇದೆಯೆಂದು ಈಗಾಗಲೇ ಖಚಿತವಾಗಿರುವ ಮಗುವಿನಲ್ಲಿ ಅದು ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂದು ವರ್ಷಗಟ್ಟಲೆ ಕಾಯುತ್ತ ನೋಡುವ ಮಾತು. ಈ ಎರಡು ಕೆಲಸಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಾಗ ಗೊಂದಲ ಹುಟ್ಟುತ್ತದೆ.

ಮಕ್ಕಳಲ್ಲಿ ಇದು ಬೇರೆಯೇ ಕಾಯಿಲೆ

ಕಣ್ಣಿನ ಒಳಗೆ ಸದಾ ಒಸರುತ್ತಿರುವ ತಿಳಿದ್ರವವು ಕರಿಗುಡ್ಡೆಯ ಅಂಚಿನಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಹೊರಗೆ ಹರಿದುಹೋಗುತ್ತಿರಬೇಕು. ಆ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ, ಏರಿದ ಒತ್ತಡವು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರದ ಎಳೆಗಳನ್ನು ಸ್ವಲ್ಪ ಸ್ವಲ್ಪವೇ ಕೊಲ್ಲುತ್ತ ಹೋಗುತ್ತದೆ. ಒಂದು ಕಣ್ಣಿನಲ್ಲಿ ಇಂಥ ಎಳೆಗಳು 10 ಲಕ್ಷದ ಆಸುಪಾಸಿನಲ್ಲಿರುತ್ತವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಇಷ್ಟು ವಯಸ್ಕರಿಗೂ ಮಕ್ಕಳಿಗೂ ಸಮಾನವಾದ ಕಥೆ.

ವ್ಯತ್ಯಾಸ ಶುರುವಾಗುವುದು ಕಣ್ಣುಗುಡ್ಡೆಯ ಗೋಡೆಯಲ್ಲಿ. ಸುಮಾರು ಮೂರು ವರ್ಷದವರೆಗೆ ಮಗುವಿನ ಕಣ್ಣಿನ ಗೋಡೆ ಮೆದುವಾಗಿರುವುದರಿಂದ ಒತ್ತಡಕ್ಕೆ ಅದು ಹಿಗ್ಗುತ್ತದೆ. ಹುಟ್ಟಿದಾಗ ಕರಿಗುಡ್ಡೆಯ ಅಗಲ ಸಾಮಾನ್ಯವಾಗಿ 10 ಮಿಲಿಮೀಟರಿನ ಹತ್ತಿರ ಇರುತ್ತದೆ. ವರ್ಷ ತುಂಬುವ ಮೊದಲೇ ಅದು 12 ದಾಟಿದರೆ ವೈದ್ಯರು ಗ್ಲಾಕೋಮಾವನ್ನು ಅನುಮಾನಿಸುತ್ತಾರೆ. ಕೂಸಿನ ಕಣ್ಣು ಎಷ್ಟು ದೊಡ್ಡದು, ಎಷ್ಟು ಚೆಂದ ಎಂದು ನೆಂಟರಿಷ್ಟರು ಹೊಗಳುತ್ತಿರುವಾಗಲೇ ಒಳಗೆ ನರ ಸಾಯುತ್ತಿರಬಹುದು ಎಂಬುದು ಈ ಕಾಯಿಲೆಯ ಕ್ರೌರ್ಯ. ಬೆಳಕಿಗೆ ಮುಖ ತಿರುಗಿಸುವುದು, ಅಳದಿದ್ದರೂ ಕಣ್ಣಲ್ಲಿ ನೀರು ಸುರಿಯುವುದು, ರೆಪ್ಪೆ ಬಿಗಿಹಿಡಿಯುವುದು, ಕರಿಗುಡ್ಡೆ ಮಂಜಾಗುವುದು ಉಳಿದ ಲಕ್ಷಣಗಳು.

ಹುಟ್ಟಿನಿಂದ ಬರುವ ಈ ಬಗೆ ಅಪರೂಪದ್ದು. ಪಾಶ್ಚಾತ್ಯ ದೇಶಗಳಲ್ಲಿ ಅದು 10,000ದಿಂದ 20,000 ಹೆರಿಗೆಗಳಿಗೆ ಒಂದು ಎನ್ನುವಷ್ಟು ವಿರಳವಾದರೆ, ಆಂಧ್ರಪ್ರದೇಶದಲ್ಲಿ ನಡೆದ ಅಧ್ಯಯನವೊಂದು ಸುಮಾರು 3,300ಕ್ಕೆ ಒಂದು ಎಂದು ಅಂದಾಜಿಸಿತ್ತು. ಸಿವೈಪಿ1ಬಿ1 ಎಂಬ ಜೀನಿನ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ಸೋದರ ಸಂಬಂಧದ ಮದುವೆಗಳು ರೂಢಿಯಲ್ಲಿರುವ ದಕ್ಷಿಣ ಭಾರತದಲ್ಲಿ ಈ ಅಂತರ ಅಚ್ಚರಿಯದೇನಲ್ಲ. ಇದರ ಜೊತೆಗೆ ಎಳವೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣುಗಳಲ್ಲಿ ವರ್ಷಗಳ ನಂತರ ಬರುವ ಗ್ಲಾಕೋಮಾ ಇದೆ. ಕಣ್ಣಿನ ತುರಿಕೆಗೆಂದು ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದ್ದರಿಂದ ಬರುವ ಗ್ಲಾಕೋಮಾವೂ ಇದೆ. ಈ ಕೊನೆಯದನ್ನು ಪೂರ್ತಿಯಾಗಿ ತಪ್ಪಿಸಬಹುದು.

ಚಿಕಿತ್ಸೆಯ ಮೊದಲ ಹೆಜ್ಜೆ ಬಹುತೇಕ ಶಿಶುಗಳಲ್ಲಿ ಶಸ್ತ್ರಕ್ರಿಯೆ. ಆದರೆ ಶಸ್ತ್ರಕ್ರಿಯೆ ಯಶಸ್ವಿಯಾದ ಮೇಲೂ ಒತ್ತಡ ಯಾವ ವಯಸ್ಸಿನಲ್ಲಿ ಬೇಕಾದರೂ ಮರಳಿ ಏರಬಹುದಾದ್ದರಿಂದ ಈ ಮಕ್ಕಳು ಜೀವಮಾನವಿಡೀ ತಪಾಸಣೆಗೆ ಬರುತ್ತಿರಬೇಕು. ಸ್ಕ್ಯಾನಿನ ಪ್ರಶ್ನೆ ಏಳುವುದು ಈ ದೀರ್ಘ ತಪಾಸಣೆಯಲ್ಲಿ.

ಚಿತ್ರ ಎಂದರೆ ಯಾವ ಚಿತ್ರ?

ಸುದ್ದಿಗಳಲ್ಲಿ ‘ರೆಟಿನಾ ಚಿತ್ರ’ ಎಂಬ ಒಂದೇ ಹೆಸರಿನಡಿ ಕನಿಷ್ಠ ಎರಡು ತಂತ್ರಗಳು ಸೇರಿಕೊಂಡಿರುತ್ತವೆ. ಒಂದು, ಕಣ್ಣಿನ ಹಿಂಬದಿಯ ಬಣ್ಣದ ಫೋಟೊ. ಕರ್ನಾಟಕಕ್ಕೆ ಇದರಲ್ಲಿ ಒಳ್ಳೆಯ ಅನುಭವವೇ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಅಕ್ಷಿಪಟಲದ, ಅಂದರೆ ರೆಟಿನಾದ, ಚಿತ್ರ ತೆಗೆದು, ದೂರದಲ್ಲಿರುವ ತಜ್ಞರಿಗೆ ಕಳಿಸುವ ಕ್ರಮ ಬೆಳೆಯಿತು. ಅಲ್ಲಿ ಹುಡುಕುವುದು ಅಸಹಜ ರಕ್ತನಾಳಗಳನ್ನು; ಅವು ಫೋಟೊದಲ್ಲಿ ಕಣ್ಣಿಗೆ ಕಾಣುವಂಥವು. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯನ್ನು ತಾನೇ ಗುರುತಿಸುವ ತಂತ್ರಾಂಶಕ್ಕೆ ಅಮೆರಿಕ 2018ರಲ್ಲಿ ಅನುಮತಿ ಕೊಟ್ಟಿತು, ಅದು 22 ವರ್ಷ ಮೇಲ್ಪಟ್ಟವರಿಗೆ ಮಾತ್ರ ಎಂಬ ಷರತ್ತಿನೊಂದಿಗೆ. ‘ಒಂದು ಚಿತ್ರ ಸಾಕು’ ಎಂಬ ಭರವಸೆಯ ಬೇರು ಇಂಥ ಯಶಸ್ಸುಗಳಲ್ಲಿದೆ.

ಗ್ಲಾಕೋಮಾದಲ್ಲಿ ಫೋಟೊ ತೋರಿಸುವುದು ದೃಷ್ಟಿನರದ ತಲೆಯ ನಡುವಿನ ಗುಳಿಯನ್ನು, ವೈದ್ಯರ ಮಾತಿನಲ್ಲಿ ಹೇಳುವುದಾದರೆ ‘ಕಪ್’ ಅನ್ನು. ಎಳೆಗಳು ಸತ್ತಷ್ಟೂ ಕಪ್ ದೊಡ್ಡದಾಗುತ್ತದೆ. ವಯಸ್ಕರಲ್ಲಿ ಹೀಗೆ ದೊಡ್ಡದಾದ ಕಪ್ ಮರಳಿ ಚಿಕ್ಕದಾಗುವುದು ಅಪರೂಪ. ಎಳೆಯ ಮಕ್ಕಳಲ್ಲಿ ಮಾತ್ರ ಗೋಡೆಯಂತೆ ನರದ ತಲೆಯೂ ಮೆದುವಾಗಿರುವುದರಿಂದ, ಶಸ್ತ್ರಕ್ರಿಯೆಯ ನಂತರ ಒತ್ತಡ ಇಳಿದಾಗ ಹಿಗ್ಗಿದ್ದ ಕಪ್ ಕುಗ್ಗಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಒತ್ತಡ ಹಿಡಿತಕ್ಕೆ ಬಂದಿದೆ ಎಂಬುದಕ್ಕೆ ಅದು ನಿಜವಾದ ಸಾಕ್ಷಿ. ಆದರೆ ಸತ್ತ ಎಳೆಗಳು ಮರಳಿದವು ಎಂಬುದಕ್ಕೆ ಸಾಕ್ಷಿಯಾಗದು. ಕಪ್ ಕುಗ್ಗಿದ ಕಣ್ಣುಗಳಲ್ಲೂ ನರದ ಎಳೆಗಳ ಪದರ ತೆಳ್ಳಗೇ ಉಳಿದಿರುವುದು ಕಂಡುಬಂದಿದೆ. ಫೋಟೊ ಮಾತ್ರ ನೋಡುವ ತಂತ್ರಾಂಶಕ್ಕೆ ಈ ವ್ಯತ್ಯಾಸ ತಿಳಿಯಲಾರದು.

ಈ ಕೊರತೆ ತುಂಬಲು ಬರುವುದು ಎರಡನೆಯ ತಂತ್ರ: ಆಪ್ಟಿಕಲ್ ಕೊಹೆರೆನ್ಸ್ ಟೊಮೋಗ್ರಫಿ, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವಂತೆ ಓಸಿಟಿ. 1991ರಲ್ಲಿ ಮೊದಲ ಬಾರಿಗೆ ವರದಿಯಾದ ಈ ತಂತ್ರವು ಬೆಳಕಿನ ಪ್ರತಿಫಲನವನ್ನು ಅಳೆದು ಅಕ್ಷಿಪಟಲದ ಪದರಗಳನ್ನು ಹಲಸಿನ ಹಪ್ಪಳದ ಅಡುಕಿನಂತೆ ಅಡ್ಡಕೊಯ್ದು ತೋರಿಸುತ್ತದೆ. ಎಕ್ಸ್‌ರೇ ಇಲ್ಲ, ಸೂಜಿ ಇಲ್ಲ, ನೋವಿಲ್ಲ. ಗ್ಲಾಕೋಮಾದಲ್ಲಿ ಅದು ಅಳೆಯುವುದು ಮುಖ್ಯವಾಗಿ ಈ ಎಳೆಗಳ ಪದರದ, ಅಂದರೆ ನರತಂತು ಪದರದ ದಪ್ಪವನ್ನು, ಅದೂ ಮೈಕ್ರಾನ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ಆರೋಗ್ಯವಂತ ಮಗುವಿನಲ್ಲಿ ಸರಾಸರಿ ದಪ್ಪ 100 ಮೈಕ್ರಾನಿನ ಆಚೀಚೆ ಇರುತ್ತದೆ.

ಹಾಳೆಯನ್ನು ಹತ್ತಿರದಿಂದ ನೋಡಿದರೆ

ಓಸಿಟಿ ವರದಿಯಲ್ಲಿ ಪೋಷಕರ ಕಣ್ಣು ನೇರವಾಗಿ ಹೋಗುವುದು ನಡುವಿನ ಬಣ್ಣದ ಚಕ್ರಗಳ ಮೇಲೆ. ಗಡಿಯಾರದ ಮುಖದಂತೆ 12 ಭಾಗ ಮಾಡಿದ ಒಂದು ಚಕ್ರ, ನಾಲ್ಕು ಭಾಗದ ಇನ್ನೊಂದು, ಪ್ರತಿ ಭಾಗದಲ್ಲಿ ಒಂದು ಸಂಖ್ಯೆ. ಕೆಳಗೆ ಎರಡು ಉಬ್ಬುಗಳಿರುವ ಒಂದು ಗೆರೆ. ನರದ ಮೇಲ್ಭಾಗ ಮತ್ತು ಕೆಳಭಾಗದಲ್ಲಿ ಎಳೆಗಳು ದಟ್ಟವಾಗಿರುವುದರಿಂದ ಆ ಉಬ್ಬುಗಳು ಬರುತ್ತವೆ. ಯಾರೂ ನೋಡದ ಒಂದು ಸಣ್ಣ ಸಂಖ್ಯೆ ಮೇಲಿನ ಮೂಲೆಯಲ್ಲಿರುತ್ತದೆ. ಅದು ಸಿಗ್ನಲ್‌ನ ಬಲ. ಕೆಲವು ಯಂತ್ರಗಳಲ್ಲಿ ಇದು 10ಕ್ಕೆ ಎಷ್ಟು ಎಂಬ ಲೆಕ್ಕದಲ್ಲಿದ್ದು, 6ಕ್ಕಿಂತ ಕಡಿಮೆಯಿದ್ದರೆ ಉಳಿದ ಹಾಳೆಯನ್ನು ಓದುವುದರಲ್ಲಿ ಅರ್ಥವಿಲ್ಲ. ಚಿತ್ರ ಮಬ್ಬಾದಾಗ ಯಂತ್ರ ಪದರವನ್ನು ಇರುವುದಕ್ಕಿಂತ ತೆಳುವಾಗಿ ಅಳೆಯುವ ಸಂಭವ ಹೆಚ್ಚು.

ಮಕ್ಕಳಲ್ಲಿ ಚಿತ್ರ ಮಬ್ಬಾಗಲು ಕಾರಣಗಳಿಗೆ ಬರವಿಲ್ಲ. ಗದ್ದವನ್ನು ಆಸರೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ಒಳಗಿನ ಮಿನುಗುವ ಗುರುತನ್ನು ಕದಲದೆ ನೋಡುವ ಕೆಲಸ ಸಾಮಾನ್ಯವಾಗಿ ನಾಲ್ಕೈದು ವರ್ಷ ತುಂಬಿದ ಮೇಲೆ ಸಾಧ್ಯವಾಗುತ್ತದೆ. ಎಳವೆಯಲ್ಲೇ ದೃಷ್ಟಿ ಕೆಟ್ಟ ಮಕ್ಕಳಲ್ಲಿ ಕಣ್ಣು ತಾನಾಗಿ ಅದುರುತ್ತಿರುತ್ತದೆ. ಒತ್ತಡದಿಂದ ಕರಿಗುಡ್ಡೆಯಲ್ಲಿ ಬಿರುಕಿನ ಗೆರೆಗಳೋ ಕಲೆಯೋ ಉಳಿದಿರುತ್ತವೆ. ಅಂದರೆ, ಯಾರ ಕಣ್ಣನ್ನು ಅತಿ ಜಾಗ್ರತೆಯಿಂದ ಕಾಯಬೇಕೋ ಅವರ ಸ್ಕ್ಯಾನೇ ಅತಿ ಕಡಿಮೆ ನಂಬಿಕೆಗೆ ಅರ್ಹವಾಗಿರುತ್ತದೆ. ಮಲಗಿದ ಶಿಶುವಿನ ಮೇಲೆ ಹಿಡಿದು ಸ್ಕ್ಯಾನ್ ಮಾಡುವ ಕೈಯಂತ್ರಗಳು ಬಂದಿವೆಯಾದರೂ ಅವು ದೊಡ್ಡ ಕೇಂದ್ರಗಳ ಶಸ್ತ್ರಕ್ರಿಯಾ ಕೊಠಡಿಯಿಂದ ಆಚೆ ಹೆಚ್ಚು ಬಂದಿಲ್ಲ.

ಬಣ್ಣ ಬಂದದ್ದು ಎಲ್ಲಿಂದ?

ಹಸಿರು, ಹಳದಿ, ಕೆಂಪು ಎಂಬುವು ಕಣ್ಣಿನೊಳಗಿಂದ ಬಂದ ಬಣ್ಣಗಳಲ್ಲ. ಯಂತ್ರ ತಯಾರಿಸಿದವರು ಆರೋಗ್ಯವಂತರ ಒಂದು ಗುಂಪನ್ನು ಮೊದಲೇ ಅಳೆದು ಪಟ್ಟಿ ಮಾಡಿಟ್ಟಿರುತ್ತಾರೆ. ಪರೀಕ್ಷೆಗೆ ಕೂತವರ ಪದರ ಆ ಪಟ್ಟಿಯ ತೀರಾ ತೆಳುವಾದ ಶೇ. 1ರೊಳಗೆ ಬಿದ್ದರೆ ಕೆಂಪು, ಶೇ. 1ರಿಂದ 5ರ ನಡುವೆ ಬಿದ್ದರೆ ಹಳದಿ, ಅದಕ್ಕಿಂತ ಮೇಲಿದ್ದರೆ ಬಹುತೇಕ ಹಸಿರು. ಇಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ಆ ಗುಂಪಿನಲ್ಲಿ ಯಾರಿದ್ದರು ಎಂಬುದು. ಬಹಳ ಕಡೆ ಬಳಕೆಯಲ್ಲಿರುವ ಸಿರಸ್ ಎಂಬ ಯಂತ್ರದ ಮೂಲ ಪಟ್ಟಿಯಲ್ಲಿದ್ದವರು 284 ಜನ, ಎಲ್ಲರೂ 18ರಿಂದ 84 ವರ್ಷದವರು. ಮಕ್ಕಳು ಒಬ್ಬರೂ ಇಲ್ಲ, ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಆದ್ದರಿಂದ ಜನ್ಮದಿನಾಂಕವನ್ನು ಸರಿಯಾಗಿ ನಮೂದಿಸಿದರೆ ಈ ಯಂತ್ರ 18ರ ಕೆಳಗಿನವರಿಗೆ ಬಣ್ಣ ಹಚ್ಚದೆ ಚಕ್ರಗಳನ್ನು ಬಿಳಿಚಾಗಿಯೇ ಬಿಡುತ್ತದೆ. ಹತ್ತು ವರ್ಷದ ಹುಡುಗಿಯ ವರದಿಯಲ್ಲಿ ಬಣ್ಣ ತುಂಬಿದ್ದರೆ ಮೊದಲು ನೋಡಬೇಕಾದ್ದು ಅವಳ ನರವನ್ನಲ್ಲ, ಹಾಳೆಯ ತಲೆಯ ಮೇಲಿರುವ ಜನ್ಮದಿನಾಂಕವನ್ನು. ಬೇರೆ ಬೇರೆ ದೇಶಗಳ ಸಂಶೋಧಕರು ಮಕ್ಕಳ ಅಳತೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ, ಅನುಭವಿ ವೈದ್ಯರು ಅವುಗಳ ಜೊತೆ ಹೋಲಿಸಿ ನೋಡುತ್ತಾರೆ. ಆ ಹೋಲಿಕೆ ಯಂತ್ರದ ಹಾಳೆಯಲ್ಲಿ ಅಚ್ಚಾಗಿ ಬರುವುದಿಲ್ಲ.

ಎರಡನೆಯ ತೊಡಕು ಲೆಕ್ಕದ್ದು. ವ್ಯಾಖ್ಯೆಯ ಪ್ರಕಾರವೇ ಆರೋಗ್ಯವಂತರಲ್ಲಿ 20 ಜನರಿಗೆ ಒಬ್ಬರು ಯಾವುದೇ ಒಂದು ಅಳತೆಯಲ್ಲಿ ಹಳದಿಗೋ ಕೆಂಪಿಗೋ ಬೀಳುತ್ತಾರೆ. ಅಳತೆಗಳು ಒಂದಲ್ಲ, ಒಂದು ಚಕ್ರದ ಹನ್ನೆರಡು ಭಾಗಗಳು, ಇನ್ನೊಂದರ ನಾಲ್ಕು ಭಾಗಗಳು, ಎರಡು ಕಣ್ಣುಗಳು. ಇಷ್ಟರಲ್ಲಿ ಎಲ್ಲಿಯೋ ಒಂದು ಚೂರು ಹಳದಿ ಬರದಿದ್ದರೇ ಅದೃಷ್ಟ. ಈ ಬಣ್ಣಗಳನ್ನು ವೈದ್ಯರು ವೇಗವಾಗಿ ಓದಲೆಂದು ಹಾಕಿದ್ದು; ಅವು ಮನೆಗೆ ಬಂದಾಗ ತೀರ್ಪಿನಂತೆ ಕಾಣುತ್ತವೆ.

ಬೆಳೆಯುವ ಕಣ್ಣು, ಹಿಗ್ಗುವ ವೃತ್ತ

ಪಟ್ಟಿ ಬೇಡ, ಮಗುವಿನ ಇಂದಿನ ಸ್ಕ್ಯಾನನ್ನು ಅದೇ ಮಗುವಿನ ಕಳೆದ ವರ್ಷದ ಸ್ಕ್ಯಾನಿನ ಜೊತೆ ಹೋಲಿಸೋಣ ಎಂದರೆ ನಾವು ಗಟ್ಟಿ ನೆಲಕ್ಕೆ ಬರುತ್ತೇವೆ. ಸಹಕರಿಸಿ ಕೂರುವ ಮಕ್ಕಳಲ್ಲಿ ಓಸಿಟಿಯನ್ನು ಮತ್ತೆ ಮತ್ತೆ ಮಾಡಿದರೂ ಸರಾಸರಿ ದಪ್ಪ ಹೆಚ್ಚೆಂದರೆ ನಾಲ್ಕೈದು ಮೈಕ್ರಾನ್ ಅತ್ತಿತ್ತ ಆಗುತ್ತದೆ ಎಂಬುದು ವಯಸ್ಕರ ಅನುಭವಕ್ಕೆ ಹತ್ತಿರವಾದ ಸಂಗತಿ. ಉದಾಹರಣೆಗೆ, 98 ಇದ್ದದ್ದು 95 ಆದರೆ ಅದನ್ನು ಅಳತೆಯ ಏರುಪೇರು ಎಂದು ಬಿಡಬಹುದು. 98 ಇದ್ದದ್ದು 87 ಆಗಿ, ತಿಂಗಳೆರಡು ತಿಂಗಳ ನಂತರದ ಮರುಸ್ಕ್ಯಾನಿನಲ್ಲೂ 87ರ ಆಸುಪಾಸಿನಲ್ಲೇ ಉಳಿದರೆ ಅದು ಏರುಪೇರು ಎನ್ನಲು ಬರುವುದಿಲ್ಲ. ಆರೋಗ್ಯವಂತ ಕಣ್ಣಿನಲ್ಲಿ ಈ ಪದರ ವಯಸ್ಸಿನಿಂದ ಸವೆಯುವುದು ದಶಕಕ್ಕೆ ಎರಡು ಮೈಕ್ರಾನಿನಷ್ಟು ನಿಧಾನವಾಗಿ.

ಆದರೂ ಇಲ್ಲಿ ಮಕ್ಕಳಿಗೇ ವಿಶಿಷ್ಟವಾದ ಒಂದು ಬಲೆ ಇದೆ. ಯಂತ್ರವು ನರದ ಸುತ್ತ ಸುಮಾರು ಮೂರೂವರೆ ಮಿಲಿಮೀಟರ್ ವ್ಯಾಸದ ವೃತ್ತವೊಂದನ್ನು ಹಾಕಿ, ಆ ಗೆರೆಯ ಮೇಲೆ ಪದರದ ದಪ್ಪ ಅಳೆಯುತ್ತದೆ. ಕತ್ತಲೆಯಲ್ಲಿ ಗೋಡೆಗೆ ಟಾರ್ಚ್ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿದರೆ ಬೆಳಕಿನ ವೃತ್ತ ದೊಡ್ಡದಾಗುವಂತೆ, ಕಣ್ಣುಗುಡ್ಡೆ ಉದ್ದವಾದಷ್ಟೂ ಈ ವೃತ್ತ ಅಕ್ಷಿಪಟಲದ ಮೇಲೆ ದೊಡ್ಡದಾಗಿ ಬೀಳುತ್ತದೆ. ದೊಡ್ಡ ವೃತ್ತವೆಂದರೆ ನರದಿಂದ ದೂರದಲ್ಲಿ ಅಳತೆ. ನರದಿಂದ ದೂರ ಹೋದಷ್ಟೂ ಪದರ ಸಹಜವಾಗಿಯೇ ತೆಳು. ವಯಸ್ಕರಲ್ಲಿ ನಡೆದ ಅಧ್ಯಯನವೊಂದು ಕಣ್ಣು ಒಂದು ಮಿಲಿಮೀಟರ್ ಉದ್ದವಿದ್ದರೆ ಅಳತೆ ಸುಮಾರು 2.2 ಮೈಕ್ರಾನ್ ಕಡಿಮೆ ಬರುತ್ತದೆ ಎಂದು ತೋರಿಸಿತ್ತು.

ಹುಟ್ಟಿದಾಗ ಕಣ್ಣಿನ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರಾದಾಗ 23ರಿಂದ 24. ಗ್ಲಾಕೋಮಾ ಇದ್ದರೆ ಇನ್ನೂ ಹೆಚ್ಚು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಸಮೀಪದೃಷ್ಟಿ ಬಂದು ಕನ್ನಡಕದ ನಂಬರ್ ಏರುತ್ತಿದ್ದರೆ ಅದೂ ಉದ್ದದ ಲೆಕ್ಕಕ್ಕೇ ಸೇರುತ್ತದೆ. ಹೀಗೆ ಎರಡು ಮಿಲಿಮೀಟರ್ ಬೆಳೆದ ಕಣ್ಣಿನಲ್ಲಿ ಒಂದೇ ಒಂದು ಎಳೆಯೂ ಸಾಯದೆ ಪದರ ನಾಲ್ಕು ಮೈಕ್ರಾನ್ ತೆಳುವಾದಂತೆ ತೋರಬಹುದು. ಆದ್ದರಿಂದ ಓಸಿಟಿಯ ಅಂಕಿಯ ಪಕ್ಕದಲ್ಲಿ ಆ ದಿನದ ಕಣ್ಣಿನ ಉದ್ದ ಮತ್ತು ಕನ್ನಡಕದ ನಂಬರ್ ಬರೆದಿಲ್ಲದಿದ್ದರೆ ಮುಂದಿನ ವರ್ಷ ಅದನ್ನು ಹೋಲಿಸುವವರು ಅರ್ಧ ಕತ್ತಲೆಯಲ್ಲಿರುತ್ತಾರೆ. ಅದಲ್ಲದೆ, ಚಿಕ್ಕ ಮಕ್ಕಳಲ್ಲಿ ಸ್ವತಃ ಕಣ್ಣಿನ ಉದ್ದವೇ ಕಾಯಿಲೆಯ ಹಿಡಿತ ಹೇಳುವ ಅಳತೆ. ವಯಸ್ಸಿಗೆ ಮೀರಿ ಉದ್ದವಾಗುತ್ತಿರುವ ಕಣ್ಣು, ಸ್ಕ್ಯಾನ್ ಏನೇ ಹೇಳಲಿ, ಒತ್ತಡ ಹಿಡಿತಕ್ಕೆ ಬಂದಿಲ್ಲವೆಂದು ಸಾರುತ್ತದೆ.

ನಂಬುವವರು, ಅನುಮಾನಿಸುವವರು

ಓಸಿಟಿಯ ಪರವಾಗಿರುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉಳಿದ ಅಳತೆಗಳು ಎಷ್ಟು ಭದ್ರ ಎಂದು ಅವರು ಕೇಳುತ್ತಾರೆ. ದೃಷ್ಟಿಯ ಹರವು ಅಳೆಯುವ ಫೀಲ್ಡ್ ಟೆಸ್ಟ್ ಏಳೆಂಟು ವರ್ಷಕ್ಕಿಂತ ಚಿಕ್ಕವರಲ್ಲಿ ನಂಬುವಂತೆ ನಡೆಯುವುದೇ ಕಷ್ಟ. ಅಳುವ ಮಗುವಿನ ಕಣ್ಣಿನ ಪ್ರೆಶರ್ ಸುಳ್ಳಾಗಿ ಏರಿರುತ್ತದೆ. ಅರಿವಳಿಕೆ ಕೊಟ್ಟು ಅಳೆದರೆ ಅರಿವಳಿಕೆಯ ಔಷಧವೇ ಪ್ರೆಶರನ್ನು ಬದಲಿಸುತ್ತದೆ. ಕೆಟಮಿನ್ ಏರಿಸುವ ಕಡೆಗೆ, ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್ ಇಳಿಸುವ ಕಡೆಗೆ. ಮೇಲಾಗಿ, ಮೂರು ವರ್ಷದೊಳಗಿನ ಮಕ್ಕಳಿಗೆ ದೀರ್ಘವಾದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ನೀಡಿದ್ದಾರೆ. ಐದನೆಯ ವರ್ಷಕ್ಕೆ ಕುರ್ಚಿಯಲ್ಲಿ ಕೂತು ಸ್ಕ್ಯಾನ್ ಮಾಡಿಸಿಕೊಳ್ಳುವ ಮಗುವಿಗೆ ವರ್ಷಕ್ಕೊಂದು ಅರಿವಳಿಕೆ ತಪ್ಪಿದರೂ ಅದು ಸಣ್ಣ ಲಾಭವೇನಲ್ಲ.

ಅನುಮಾನಿಸುವವರು ಪ್ರತಿಯಾಗಿ ಹೇಳುವುದು, ಹಾಳೆಯ ಮೇಲೆ ಅಚ್ಚಾದ ಅಂಕಿಗೆ ಅದರ ಯೋಗ್ಯತೆಗೆ ಮೀರಿದ ಗೌರವ ಸಿಗುತ್ತದೆ ಎಂದು. ಪದರದ ಅಂಚನ್ನು ಯಂತ್ರ ತಪ್ಪಾಗಿ ಗುರುತಿಸಿದ್ದರೂ, ವೃತ್ತ ನರದ ನಡುವೆ ಕೂರದಿದ್ದರೂ ಅಂಕಿ ಅಷ್ಟೇ ಅಂದವಾಗಿ ಮೂಡುತ್ತದೆ. ಕಾಯಿಲೆ ಬಹಳ ಮುಂದುವರಿದ ಕಣ್ಣಿನಲ್ಲಿ ಇನ್ನೊಂದು ವಿಚಿತ್ರವಿದೆ. ಪದರ ಸುಮಾರು 50 ಮೈಕ್ರಾನಿನ ಹತ್ತಿರ ಇಳಿದ ಮೇಲೆ ಉಳಿದಿರುವುದು ರಕ್ತನಾಳ ಮತ್ತು ಆಧಾರದ ಕೋಶಗಳೇ ಆದ್ದರಿಂದ ಅಂಕಿ ಮತ್ತೆ ಇಳಿಯುವುದಿಲ್ಲ. ವರ್ಷ ವರ್ಷವೂ ಅದೇ ಅಂಕಿ ನೋಡಿ ಕಾಯಿಲೆ ನಿಂತಿದೆ ಎಂದುಕೊಳ್ಳುವಾಗ ಮಗು ಉಳಿದ ದೃಷ್ಟಿಯನ್ನೂ ಕಳೆದುಕೊಳ್ಳುತ್ತಿರಬಹುದು. ಅಂಥ ಕಣ್ಣಿಗೆ ಫೀಲ್ಡ್ ಟೆಸ್ಟ್ ಮತ್ತು ಅಕ್ಷಿಪಟಲದ ನಡುಭಾಗದ ಸ್ಕ್ಯಾನ್ ಹೆಚ್ಚು ಉಪಯುಕ್ತ.

ಎರಡು ಕಡೆಯ ಮಾತನ್ನೂ ತೂಗಿದಾಗ ಉಳಿಯುವುದು ಸೀಮಿತವಾದ, ಆದರೆ ಸ್ಪಷ್ಟವಾದ ನಂಬಿಕೆ. ಕೂರಬಲ್ಲ ವಯಸ್ಸಿನ, ಪಾರದರ್ಶಕ ಕರಿಗುಡ್ಡೆಯ, ಕಾಯಿಲೆ ತೀರಾ ಮುಂದುವರಿಯದ ಮಗುವಿನಲ್ಲಿ, ಒಂದೇ ಯಂತ್ರದಲ್ಲಿ ತೆಗೆದ ಸ್ಕ್ಯಾನುಗಳ ಸಾಲು ವಿಶ್ವಾಸಾರ್ಹ ಸಾಕ್ಷಿ. ಬಿಡಿಯಾಗಿ ನಿಂತ ಒಂದು ಸ್ಕ್ಯಾನ್ ಹೆಚ್ಚೆಂದರೆ ಮುಂದಿನ ಹೋಲಿಕೆಗೆ ನೆಟ್ಟ ಗಡಿಕಲ್ಲು.

ಮೂರು ಊರು, ಮೂರು ಯಂತ್ರ

ಉತ್ತರ ಕನ್ನಡದ ಕಷ್ಟ ಸರಿಯಾಗಿ ಇಲ್ಲಿಯೇ ಇದೆ. ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ, ಮಂಗಳೂರು ದಾರಿ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಕಾರವಾರದವರಿಗೆ ಗೋವಾದ ಬಾಂಬೋಳಿಯ ಆಸ್ಪತ್ರೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಚಳವಳಿಯಾಗಿ ಎದ್ದದ್ದು ಈ ಓಡಾಟದ ದಣಿವಿನಿಂದ. ಆದರೆ ಓಡಾಟ ಯಾವಾಗಲೂ ಒಂದೇ ಊರಿಗೆ ಆಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ದಾರಿ ಬದಲಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಇಂಥ ದಿನಗಳಲ್ಲಿ ತಪಾಸಣೆಯ ದಿನ ತಪ್ಪುತ್ತದೆ, ಅಥವಾ ಹತ್ತಿರದಲ್ಲಿ ಸಿಕ್ಕಿದ ಕಡೆ ಸ್ಕ್ಯಾನ್ ಆಗುತ್ತದೆ. ನೆಂಟರ ಸಲಹೆ, ವಿಮೆಯ ಷರತ್ತು, ವೈದ್ಯರ ವರ್ಗಾವಣೆ ಇವುಗಳೂ ಸೇರಿ ಐದು ವರ್ಷದಲ್ಲಿ ಒಂದು ಮಗುವಿನ ಕಡತದಲ್ಲಿ ಮೂರು ಊರಿನ, ಮೂರು ಕಂಪನಿಯ ಯಂತ್ರಗಳ ವರದಿಗಳು ಕೂಡಿಕೊಳ್ಳುತ್ತವೆ.

ಒಂದು ಕಂಪನಿಯ ಯಂತ್ರದ 92 ಮತ್ತು ಇನ್ನೊಂದು ಕಂಪನಿಯ ಯಂತ್ರದ 92 ಒಂದೇ ಆಗಿರುವುದಿಲ್ಲ. ವೃತ್ತದ ಅಳತೆ, ಪದರದ ಅಂಚು ಗುರುತಿಸುವ ಲೆಕ್ಕಾಚಾರ ಎರಡೂ ಬೇರೆ. ಊರ ಅಂಗಡಿಯ ತಕ್ಕಡಿ ಬದಲಾದರೆ ಅಕ್ಕಿಯ ತೂಕ ಬದಲಾಗದು ಎಂಬ ತರ್ಕ ಮೈಕ್ರಾನಿನ ಮಟ್ಟದಲ್ಲಿ ನಡೆಯುವುದಿಲ್ಲ. ಪರಿಣಾಮವಾಗಿ, ಓಸಿಟಿಯನ್ನು ಮಕ್ಕಳಲ್ಲಿ ನಂಬುವಂತೆ ಮಾಡುವ ಒಂದೇ ಒಂದು ಗುಣ, ಅಂದರೆ ತನ್ನ ಹಿಂದಿನ ಚಿತ್ರದೊಡನೆ ಹೋಲಿಕೆ, ಈ ಜಿಲ್ಲೆಯ ಮಕ್ಕಳಿಗೆ ಸುಲಭವಾಗಿ ಕೈತಪ್ಪುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ವರದಿಯ ಫೋಟೊ, ಕಪ್ಪು ಬಿಳುಪಿನ ಜೆರಾಕ್ಸ್ ಇವುಗಳಿಂದ ಅಂಕಿ ಓದಬಹುದೇ ಹೊರತು ಯಂತ್ರ ಹಳೆಯ ಮತ್ತು ಹೊಸ ಸ್ಕ್ಯಾನನ್ನು ಒಂದರ ಮೇಲೊಂದಿಟ್ಟು ನೋಡಲಾಗದು. ಅದಕ್ಕೆ ಮೂಲ ದತ್ತಾಂಶವೇ ಬೇಕು.

ಜಿಲ್ಲೆಗೆ ಒಂದು ಓಸಿಟಿ ಯಂತ್ರ ತಂದರೆ ಸಮಸ್ಯೆ ತೀರುತ್ತದೆಯೇ? ಯಂತ್ರದಷ್ಟೇ ಮುಖ್ಯವಾದವರು ಅದರ ಮುಂದೆ ಚಂಚಲ ಮಗುವನ್ನು ಕೂರಿಸಿ ಕೆಟ್ಟ ಸ್ಕ್ಯಾನನ್ನು ಅಳಿಸಿ ಮತ್ತೆ ತೆಗೆಯುವ ತಾಳ್ಮೆಯ ತಂತ್ರಜ್ಞರು. ಕಿಡ್‌ರಾಪ್ ಮಾದರಿಯಿಂದ ಕಲಿಯಬಹುದಾದ್ದು ಇದನ್ನೇ: ಅಲ್ಲಿ ಗೆದ್ದದ್ದು ಕ್ಯಾಮೆರಾ ಎನ್ನುವುದಕ್ಕಿಂತ, ತರಬೇತಾದ ಕೈ ಮತ್ತು ದೂರದ ತಜ್ಞರಿಗೆ ಮೂಲ ಚಿತ್ರ ತಲುಪುವ ವ್ಯವಸ್ಥೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಪೊರೆ ಮತ್ತು ಅವಧಿಪೂರ್ವ ಶಿಶುಗಳ ಅಕ್ಷಿಪಟಲದ ಕಾಯಿಲೆಗೆ ಹೆಸರು ಹಿಡಿದೇ ಸ್ಥಾನವಿದೆ. ಈ ಕಾರ್ಯಕ್ರಮದಡಿ ಅಂಗನವಾಡಿಗೆ ಬರುವ ತಪಾಸಣಾ ತಂಡ ದೊಡ್ಡದಾದ, ನೀರು ಸುರಿಸುವ ಕಣ್ಣನ್ನು ಗುರುತಿಸಲು ಯಾವ ಸ್ಕ್ಯಾನೂ ಬೇಡ, ಒಂದು ಟಾರ್ಚ್ ಮತ್ತು ಅಳತೆಪಟ್ಟಿ ಸಾಕು.

ತಪ್ಪು ಓದಿನ ಬೆಲೆ

ಸುಳ್ಳು ಕೆಂಪಿನಿಂದ ಆಗುವ ನಷ್ಟವೇನು, ಹೆಚ್ಚೆಂದರೆ ಎರಡು ಹನಿ ಔಷಧ ಹೆಚ್ಚಾಗಬಹುದು ಎಂದು ಕೆಲವರು ಭಾವಿಸುತ್ತಾರೆ. ಮಕ್ಕಳಲ್ಲಿ ಈ ಮಾತು ಅಪಾಯಕಾರಿ. ದೊಡ್ಡವರಿಗೆ ಧಾರಾಳವಾಗಿ ಕೊಡುವ ಬ್ರಿಮೊನಿಡಿನ್ ಹನಿಯನ್ನು ಎರಡು ವರ್ಷದೊಳಗಿನ ಮಗುವಿಗೆ ಹಾಕುವಂತಿಲ್ಲ. ಮಂಪರು ಆವರಿಸಿ ಉಸಿರೇ ನಿಲ್ಲುವ ಸಂಭವವಿದೆ. ಟಿಮೊಲಾಲ್ ಹನಿ ದಮ್ಮಿನ ತೊಂದರೆಯಿರುವ ಮಗುವಿನ ಶ್ವಾಸನಾಳವನ್ನು ಬಿಗಿಸಬಲ್ಲದು. ಶಸ್ತ್ರಕ್ರಿಯೆಯ ಮಾತು ಬಂದರಂತೂ ಒಂದೇ ಸ್ಕ್ಯಾನಿನ ಆಧಾರದ ಮೇಲೆ ಯಾರೂ ಮುಂದುವರಿಯಬಾರದು.

ಸುಳ್ಳು ಹಸಿರಿನ ಬೆಲೆ ಇನ್ನೂ ದೊಡ್ಡದು, ಮತ್ತು ಅದು ತಡವಾಗಿ ತಿಳಿಯುತ್ತದೆ. ಮಕ್ಕಳಿಗೂ ಬಣ್ಣ ಹಚ್ಚಿದ ವರದಿಯಲ್ಲಿ, ಪದರ ಹುಟ್ಟಿನಿಂದಲೇ ದಪ್ಪವಿದ್ದ ಮಗು 118ರಿಂದ 100ಕ್ಕೆ ಇಳಿದರೂ ಹಸಿರಿನಲ್ಲೇ ಇರುತ್ತದೆ. ಸ್ಟೀರಾಯ್ಡ್ ಹನಿಯಿಂದ ಪ್ರೆಶರ್ ಏರಿದ ಹೊಸದರಲ್ಲಿ ನರ ಇನ್ನೂ ಕೆಟ್ಟಿರುವುದಿಲ್ಲ. ಸ್ಕ್ಯಾನ್ ಚೆನ್ನಾಗಿದೆಯೆಂದು ಹನಿ ಮುಂದುವರಿಸಿದರೆ ಕೆಡುತ್ತದೆ. ಹೀಗಾಗಿ ವರದಿ ಕೈಗೆ ಬಂದಾಗ ಪೋಷಕರು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಬಣ್ಣದ್ದಲ್ಲ. ಕಳೆದ ಬಾರಿಯದು ಇದೇ ಯಂತ್ರವೇ, ಸಿಗ್ನಲ್ ಸರಿಯಿತ್ತೇ, ಕಣ್ಣಿನ ಉದ್ದ ಮತ್ತು ಪ್ರೆಶರ್ ಏನು ಹೇಳುತ್ತಿವೆ, ಬದಲಾವಣೆ ಮರುಸ್ಕ್ಯಾನಿನಲ್ಲೂ ಕಂಡಿತೇ ಎಂದು ಕೇಳಿದರೆ ಉತ್ತರ ಉಪಯೋಗಕ್ಕೆ ಬರುತ್ತದೆ. ಆಸ್ಪತ್ರೆ ಬದಲಿಸಲೇಬೇಕಾದಾಗ ಹಳೆಯ ಕಡೆಯಿಂದ ಮುದ್ರಿತ ಹಾಳೆಯ ಜೊತೆ ಸ್ಕ್ಯಾನಿನ ಮೂಲ ಕಡತವನ್ನೂ ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯುವುದು, ಹೊಸ ಯಂತ್ರದಲ್ಲಿ ಮೊದಲ ಕೆಲವು ತಿಂಗಳಲ್ಲೇ ಎರಡು ಸ್ಕ್ಯಾನ್ ಮಾಡಿಸಿ ಹೊಸ ಗಡಿಕಲ್ಲು ನೆಡುವುದು ಒಳ್ಳೆಯದು.

ಹದಿನೆಂಟು ತುಂಬಿದ ದಿನ

ಈ ಮಕ್ಕಳು ದೊಡ್ಡವರಾಗುತ್ತಾರೆ, ಪಿಯುಸಿ ಮುಗಿಸಿ ಧಾರವಾಡಕ್ಕೋ ಮಂಗಳೂರಿಗೋ ಓದಲು ಹೋಗುತ್ತಾರೆ, ಅಲ್ಲಿ ವಯಸ್ಕರ ಗ್ಲಾಕೋಮಾ ವಿಭಾಗಕ್ಕೆ ತಾವೇ ನಡೆದುಹೋಗುತ್ತಾರೆ. ಅಲ್ಲಿಯವರೆಗೆ ಬಿಳಿಚಾಗಿದ್ದ ಚಕ್ರಗಳಿಗೆ ಹದಿನೆಂಟರ ಹುಟ್ಟುಹಬ್ಬದ ನಂತರದ ಮೊದಲ ಸ್ಕ್ಯಾನಿನಲ್ಲಿ ಯಂತ್ರ ಬಣ್ಣ ತುಂಬುತ್ತದೆ. ಹಿಂದಿನ ತಿಂಗಳಷ್ಟೇ 74 ಎಂದು ಬಣ್ಣವಿಲ್ಲದೆ ಅಚ್ಚಾಗಿದ್ದ, ಎಂಟು ವರ್ಷಗಳಿಂದ 74ರ ಆಸುಪಾಸಿನಲ್ಲೇ ಸ್ಥಿರವಾಗಿ ನಿಂತಿದ್ದ ಕಣ್ಣು ಒಮ್ಮೆಲೇ ಕೆಂಪಾಗಿ ಕಾಣುತ್ತದೆ. ಹಳೆಯ ಕಡತ ಜೊತೆಯಲ್ಲಿದ್ದರೆ ಹೊಸ ವೈದ್ಯರು ಅದನ್ನು ತಿರುವಿ ನೋಡಿ, ಅದೇ ಹನಿಯನ್ನು ಮುಂದುವರಿಸಿ ಎನ್ನುತ್ತಾರೆ. ಕಡತ ಊರಿನ ಕಪಾಟಿನಲ್ಲಿ ಉಳಿದಿದ್ದರೆ ಆ ಕೆಂಪಿನಿಂದಲೇ ಚಿಕಿತ್ಸೆ ಹೊಸದಾಗಿ ಶುರುವಾಗುತ್ತದೆ.